ಉಳಿಸಿಟ್ಟ ರೊಟ್ಟಿ

ಮಲಪ್ರಭೆಯ ದಂಡೆಯ ಸಣ್ಣ ಮಠವೊಂದರಲ್ಲಿ ಅಡಿವೆಪ್ಪಜ್ಜ ಎಂಬ ಗುರುಗಳಿದ್ದರು. ಅವರ ಶಿಷ್ಯ ಕಲ್ಮೇಶ ಬ್ಯಾಂಕಿನ ನೌಕರಿ ಬಿಟ್ಟು ಬಂದವನು. ನೌಕರಿ ಬಿಟ್ಟಿದ್ದ, ಲೆಕ್ಕ ಬಿಟ್ಟಿರಲಿಲ್ಲ.

"ಕಲಿತದ್ದು ಸುಮ್ನ ಕೊಳೀಬಾರ್ದು. ಸಾಲಿ ಮಕ್ಕಳಿಗೆ ರೊಕ್ಕದ ವಿಚಾರ ಹೇಳಿ ಬಾ" ಎಂದರು ಅಜ್ಜ.

ಕಲ್ಮೇಶ ಶನಿವಾರ ಮುಂಜಾನೆ ಊರ ಶಾಲೆಗೆ ಹೋಗತೊಡಗಿದ. ಬಡ್ಡಿ ಹೇಗೆ ಬೆಳೆಯುತ್ತದೆ, ಬೆಲೆ ಯಾಕೆ ಏರುತ್ತದೆ ಎಂದೆಲ್ಲ ಹೇಳಿದ. ಮಕ್ಕಳಿಗೆ ಉಳಿತಾಯದ ಡಬ್ಬಿ ಹಂಚಿದ. ಹೆಚ್ಚು ಉಳಿಸಿದವರ ಹೆಸರನ್ನು ಬೋರ್ಡಿನ ಮೇಲ್ತುದಿಗೆ ಬರೆದ.

ಒಂದು ಶನಿವಾರ ಹಿಗ್ಗುತ್ತ ಮಠಕ್ಕೆ ಮರಳಿದ.

"ಅಜ್ಜಾರ, ನೀಲವ್ವ ಅಂತ ಐದನೇ ಕ್ಲಾಸಿನ ಹುಡುಗಿ. ಆಕಿ ಡಬ್ಬಿ ತುಂಬೇತ್ರಿ. ಎಲ್ಲಾರ ಕಡೆ ಚಪ್ಪಾಳಿ ಹೊಡಿಸಿದೆ."

"ಚಲೋ ಆತು. ಏನು ಬಿಟ್ಟು ಉಳಿಸ್ಯಾಳ?"

"ಅದನ್ನ ಕೇಳ್ಲಿಲ್ರಿ. ಉಳಿಸಿದ್ದು ಮುಖ್ಯ ಅಲ್ರಿ?"

ಅಜ್ಜ ನಕ್ಕರು.

ಮುಂದಿನ ಶುಕ್ರವಾರ ಮಧ್ಯಾಹ್ನ ಕಲ್ಮೇಶ ಊಟಕ್ಕೆ ಕೂತ. ತಟ್ಟೆಗೆ ಬಿಸಿ ರೊಟ್ಟಿ ಬಿತ್ತು. ಪಕ್ಕದಲ್ಲಿದ್ದ ಅಜ್ಜ ಕೈಚಾಚಿ ಆ ರೊಟ್ಟಿ ಎತ್ತಿ, ಮೂಲೆಯ ಖಾಲಿ ಬುಟ್ಟಿಯಲ್ಲಿಟ್ಟು ಬಟ್ಟೆ ಮುಚ್ಚಿದರು.

"ಉಳೀತು ನೋಡು" ಎಂದು ಚಪ್ಪಾಳೆ ತಟ್ಟಿದರು. ಸಾಲಿನಲ್ಲಿ ಕೂತವರೂ ತಟ್ಟಿದರು.

ರಾತ್ರಿಯೂ ಹಾಗೇ ಆಯಿತು.

"ಅಜ್ಜಾರ, ಹೊಟ್ಟಿ ಹಸದೈತ್ರಿ."

"ಇರ್ಲಿ ಬಿಡಪಾ. ಉಳಿಸಿದ್ದು ಮುಖ್ಯ ಅಲ್ಲೇನು?"

ಕಲ್ಮೇಶನಿಗೆ ಸಿಟ್ಟು ನೆತ್ತಿಗೇರಿತು. ಪಕ್ಕದವರು ಉಂಡರೋ ಬಿಟ್ಟರೋ ನೋಡದೆ ಎದ್ದು ಹೋದ.

ಮರುದಿನ ಖಾಲಿ ಹೊಟ್ಟೆಯಲ್ಲೇ ಶಾಲೆಗೆ ಹೋಗಿ ಬೋರ್ಡಿನ ಮೇಲೆ ಲೆಕ್ಕ ಬರೆದ. ಹೊಟ್ಟೆ ಒತ್ತಿಕೊಂಡು ತಿರುಗಿದ. ಮುಂದಿನ ಸಾಲಿನಲ್ಲಿ ನೀಲವ್ವನೂ ಹಾಗೇ ಹೊಟ್ಟೆ ಒತ್ತಿಕೊಂಡು ಕೂತಿದ್ದಳು.

"ಮುಂಜಾನೆ ಏನು ತಿಂದೀವಾ?"

"ಏನಿಲ್ರಿ. ಅವ್ವ ನಸುಕಿನ್ಯಾಗ ಕೂಲಿಗೆ ಹೋಗ್ತಾಳ್ರಿ. ಅವಲಕ್ಕಿ ತಿನ್ನಾಕ ರೊಕ್ಕ ಕೊಟ್ಟಿರ್ತಾಳ. ಅದನ್ನ ಡಬ್ಬಿಗೆ ಹಾಕ್ತೀನ್ರಿ."

"ದಿನಾ?"

"ಹೂಂ ರಿ. ಹೆಸರು ಕೆಳಗ ಬಂದ್ರ ಚಪ್ಪಾಳಿ ಇರಂಗಿಲ್ಲಲ್ರಿ."

ಕಲ್ಮೇಶನಿಗೆ ನಾಚಿಕೆಯಾಯಿತು. ಬೋರ್ಡಿನ ಮೇಲಿದ್ದ ಹೆಸರುಗಳನ್ನೆಲ್ಲ ಅಂಗೈಯಿಂದಲೇ ಒರೆಸಿಬಿಟ್ಟ.

"ನಡೀ, ಅವಲಕ್ಕಿ ತಿಂದು ಬರೂಣು."

ನೀಲವ್ವ ಡಬ್ಬಿಯನ್ನು ಅವಚಿಕೊಂಡಳು. "ಖರ್ಚಾಕ್ಕೈತಲ್ರಿ, ಸರ್."

"ಆಗ್ಲಿ. ಅವ್ವ ಅದಕ್ಕ ಕೊಟ್ಟಾಳ."

ಶಾಲೆಯ ಎದುರೇ ಹೋಟೆಲು. ನೀಲವ್ವ ಒಂದು ಪ್ಲೇಟಿನಷ್ಟು ಹಣ ತೆಗೆದು, ಉಳಿದದ್ದನ್ನು ಕಿವಿಯ ಹತ್ತಿರ ಅಲುಗಿಸಿ ನೋಡಿದಳು. ಡಬ್ಬಿ ಇನ್ನೂ ಚೆನ್ನಾಗಿಯೇ ಸದ್ದು ಮಾಡಿತು. ಗಬಗಬನೆ ತಿಂದಳು. ಅರ್ಧಕ್ಕೆ ಬಂದಾಗ ಮೇಷ್ಟ್ರ ಮುಖ ಕಂಡು ಪ್ಲೇಟು ಅವನತ್ತ ಸರಿಸಿದಳು.

"ನೀವೂ ತಿನ್ರಿ, ಸರ್. ನಿಮಗೂ ಹಸದೈತಿ."

ಕಲ್ಮೇಶ ಒಂದು ತುತ್ತು ತಿಂದ. ಆಮೇಲೆ ಆ ಹೋಟೆಲಿನಲ್ಲೇ ಎದ್ದು ನಿಂತು ಅವಳಿಗೆ ಚಪ್ಪಾಳೆ ತಟ್ಟಿದ. ಗಲ್ಲಾದ ಮೇಲಿದ್ದವನು ಇವನಿಗೇನಾಯಿತು ಎಂಬಂತೆ ನೋಡಿದ. ನೀಲವ್ವ ಬಾಯಿ ತುಂಬ ಅವಲಕ್ಕಿ ಇಟ್ಟುಕೊಂಡೇ ನಕ್ಕಳು.

ಮಠಕ್ಕೆ ಬಂದಾಗ ಅಜ್ಜ ಕಟ್ಟೆಯ ಮೇಲೆ ಕೂತಿದ್ದರು.

"ಇವತ್ತೇನು ಕಲಿಸಿ ಬಂದಿ?"

"ಏನೂ ಕಲಿಸ್ಲಿಲ್ರಿ. ನೀಲವ್ವಗ ಅವಲಕ್ಕಿ ತಿನ್ನಿಸಿ ಬಂದೆ."

"ಚಲೋ ಆತು. ಬುಟ್ಟಿ ತಗೊಂಬಾ."

ಕಲ್ಮೇಶ ಬುಟ್ಟಿ ತಂದು ಬಟ್ಟೆ ಸರಿಸಿದ. ರೊಟ್ಟಿ ಒಣಗಿ ಕಟಕಟ ಎನ್ನುತ್ತಿದ್ದವು. ಆದರೆ ಅವನ ತಟ್ಟೆಯಿಂದ ಎತ್ತಿದ್ದಕ್ಕಿಂತ ಎರಡು ಪಟ್ಟು ಇದ್ದವು.

"ಉಳಿದವು ಯಾರವು, ಅಜ್ಜಾರ?"

ಅಜ್ಜ ಒಂದು ರೊಟ್ಟಿ ಮುರಿದು ಅರ್ಧ ಅವನ ಕೈಗಿಟ್ಟರು.

"ನನ್ನವು. ಚಪ್ಪಾಳಿ ಹೊಡದವನೂ ಹಸದಿರಬೇಕಲ್ಲಪಾ."