ಸಾವ್ಕಾರ ಎಳೆದ ಸುಣ್ಣದ ಗೆರೆ

ಒಂದಾನೊಂದು ಕಾಲದಲ್ಲಿ, ಅಂದ್ರೆ ನಮ್ಮಜ್ಜಿಯ ಅಜ್ಜಿಗೆ ಇನ್ನೂ ಹಾಲುಹಲ್ಲೂ ಬಿದ್ದಿರಲಿಲ್ವಂತೆ, ಅಂಥ ಕಾಲದಲ್ಲಿ, ಒಂದೂರಲ್ಲಿ ಚಿಕ್ಕತಾಯಮ್ಮ ಅಂತ ಒಬ್ಬಳು ಗಾಣದವಳು ಇದ್ಳಂತೆ. ಗಾಣ ಗೊತ್ತಲ್ಲ, ಎತ್ತು ಕಟ್ಟಿ ಸುತ್ತು ಹೊಡೆಸಿ ಎಳ್ಳೆಣ್ಣೆ ತೆಗೆಯೋದು. ಗಂಡ ಸತ್ತು ಎಷ್ಟೋ ವರ್ಷ ಆಗಿತ್ತಂತೆ, ಅವಳಿಗೆ ಇದ್ದಿದ್ದು ಒಂದು ಗಾಣ, ಒಂದು ಎತ್ತು, ಅಷ್ಟೇ. ಎತ್ತಿನ ಹೆಸರು ಬಿಳಿಯ. ಬಣ್ಣ ಮಾತ್ರ ಮಡಕೆ ತಳದಂಗೆ ಕಪ್ಪಂತೆ. ಅದನ್ನ ಯಾರೂ ಎತ್ತಿಗೆ ಹೇಳಿರಲಿಲ್ವಂತೆ, ಹಂಗಾಗಿ ಹೇಗೋ ನಡ್ಕೊಂಡು ಹೋಗ್ತಿತ್ತು.

ಆಮೇಲೆ ಏನಾಯ್ತು, ಆ ಊರ ಸಾವ್ಕಾರ ಮುದ್ದಪ್ಪ ಒಂದಿನ ಅಟ್ಟ ಗುಡಿಸ್ತಿದ್ದಾಗ ಅವನ ತಾತನ ಕಾಲದ್ದೊಂದು ಓಲೆ ಸಿಕ್ತಂತೆ. ಚಿಕ್ಕತಾಯಮ್ಮನ ಗಂಡನ ತಾತ ಮೂವತ್ತು ವರಹ ಸಾಲ ತಗೊಂಡವ್ನೆ ಅಂತ ಅದರಲ್ಲಿ ಬರೆದಿತ್ತಂತೆ, ತೀರಿಸಿದ್ದು ಮಾತ್ರ ಬರೆದಿರಲಿಲ್ವಂತೆ. ಚಿಕ್ಕತಾಯಮ್ಮನ ಮಾವ ಸಾಯೋವರೆಗೂ ಹೇಳ್ತಿದ್ನಂತೆ, ನಮ್ಮಪ್ಪ ಹನ್ನೆರಡು ವರ್ಷ ವಾರವಾರ ಸಾವ್ಕಾರ್ರ ಮನೆಗೆ ಎಣ್ಣೆ ಹೊತ್ತು ಆ ಸಾಲ ತೀರಿಸಿದ ಅಂತ. ಸಾವ್ಕಾರ್ರ ಮನೇಲಿ ಕೇಳಿದ್ರೆ, ಎಣ್ಣೆ ಬರ್ತಿದ್ದಿದ್ದೇನೋ ನಿಜ, ಪಾಪ ಪ್ರೀತಿಗೆ ತಂದ್ಕೊಡ್ತಾನೆ ಅಂದ್ಕೊಂಡಿದ್ವಿ ಅಂದ್ರಂತೆ. ದುಡ್ಡಿಲ್ದಿದ್ರೆ ಎತ್ತು ಕೊಡು ಅಂದ್ನಂತೆ ಮುದ್ದಪ್ಪ. ಎತ್ತು ಕೊಟ್ರೆ ಗಾಣ ಸುತ್ತೋರ್ಯಾರು, ಗಾಣ ನಿಂತ್ರೆ ಅವಳು ಉಣ್ಣೋದೇನು? ಕೊಡಲ್ಲ ಅಂದ್ಳಂತೆ ಚಿಕ್ಕತಾಯಮ್ಮ. ಜೋರಾಗೇನಲ್ಲ, ಎಳ್ಳು ಕೇರ್ತಾ ಕೇರ್ತಾ ಅಂದ್ಳಂತೆ.

ಆ ಕಾಲದಲ್ಲಿ ಸಾಲ ವಸೂಲಿಗೆ ಒಂದು ಪದ್ಧತಿ ಇತ್ತಂತೆ. ಸಾಲ ಕೊಟ್ಟೋನೋ ಅವನ ಆಳೋ ಬಂದು, ದೊರೆ ಆಣೆ ಅಂತ ಹೇಳಿ, ಸಾಲಗಾರನ ಸುತ್ತ ಸುಣ್ಣದ ಪುಡೀಲಿ ಗೆರೆ ಎಳೀಬೇಕು. ಗೆರೆ ಒಳಗಿದ್ದೋರು ಸಾಲ ತೀರೋವರೆಗೂ ಆಚೆ ಬರೋಹಂಗಿಲ್ಲ, ದಾಟಿದ್ರೆ ಊರೇ ಬಿಡಬೇಕು. ಗೆರೆ ಎಳೆದೋನೂ ಸುಮ್ನೆ ಇರೋಹಂಗಿಲ್ಲ, ಅಲ್ಲೇ ಕಾವಲಿದ್ದು ಒಳಗಿರೋರ ಅನ್ನ, ನೀರು, ಮನೆಗೆಲಸ ಎಲ್ಲಾ ನೋಡ್ಕೋಬೇಕು, ಬಿಟ್ಟು ಹೋದ್ನೋ ಗೆರೆ ಬರೀ ಸುಣ್ಣ. ಅವನೇ ಅದನ್ನ ಒರೆಸಿದ್ರೆ ಸಾಲ ಬಿಟ್ಟಂಗೆ. ಏನು? ಒಳಗಿರೋರಿಗೆ ಒಂದಕ್ಕೆ ಬಂದ್ರೆ ಏನ್ಮಾಡ್ತಾರೆ ಅಂತಾನಾ? ಅದನ್ನ ದೊರೆ ಯೋಚನೆ ಮಾಡಿರಲಿಲ್ವಂತೆ. ನಿನಗೆ ಬಂದಿದ್ರೆ ಈಗ್ಲೇ ಹೋಗ್ಬಾ.

ಬಂದ್ಯಾ? ಹೂಂ, ಆಮೇಲೆ ಸಾವ್ಕಾರ ಮೊದಲು ಮೀಸೆ ತಿಮ್ಮಣ್ಣ ಅನ್ನೋನ್ನ ಕಳಿಸಿದ್ನಂತೆ. ಅವನ ಮೀಸೆ ಎಷ್ಟು ಅಗಲ ಅಂದ್ರೆ ಬಾಗಿಲಲ್ಲಿ ಓರೆಯಾಗಿ ನುಗ್ತಿದ್ನಂತೆ. ಅವನು ಬಂದಾಗ ಗಾಣ ತಿರುಗ್ತಾ ಇತ್ತಂತೆ, ಚಿಕ್ಕತಾಯಮ್ಮ ಗಾಣದ ತೊಲೆ ಮೇಲೆ ಕೂತು ಎತ್ತು ಹೊಡೀತಿದ್ಳಂತೆ. ತಿಮ್ಮಣ್ಣ ದೊರೆ ಆಣೆ ಅಂತ ಅವಳ ಸುತ್ತ ಗೆರೆ ಎಳೆಯೋಕೆ ಬಗ್ಗಿದ, ಅರ್ಧ ಎಳೆಯೋದ್ರೊಳಗೆ ಅವಳು ಮುಂದಕ್ಕೆ ಹೋಗಿದ್ಳು. ಹಿಂದೆ ಓಡಿ ಇನ್ನೊಂದು ಶುರು ಮಾಡಿದ, ಮತ್ತೆ ಹೋಗಿದ್ಳು. ಅಣ್ಣಾ, ಬಿಸಿಲಲ್ಲಿ ಓಡಬೇಡಿ, ಅಲ್ಲೇ ನಿಂತಿರಿ, ಇನ್ನೊಂದು ಸುತ್ತಿಗೆ ನಾವೇ ಬರ್ತೀವಲ್ಲ ಅಂದ್ಳಂತೆ ಅವಳು. ಕೇಳಲಿಲ್ಲ ಅವನು. ಗಾಣಾನೂ ಸೇರಿಸಿ ದೊಡ್ಡದಾಗಿ ಎಳೀಬೇಕಿತ್ತು ಅಂತ ಅವನಿಗೆ ಹೊಳೆಯೋ ಹೊತ್ತಿಗೆ ಸುಣ್ಣ ಮುಗಿದು ತಲೆಸುತ್ತು ಬಂದಿತ್ತಂತೆ. ಹೋಗಿ, ಎಣ್ಣೆ ತೆಗೆದು ಉಳಿದ ಎಳ್ಳಿಂಡಿ ರಾಶಿ ಮೇಲೆ ಬಿದ್ನಂತೆ. ಗಾಣ ಬಿಚ್ಚಿದ ಮೇಲೆ ಬಿಳಿಯ ಬಂದು ಅವನ ಮೀಸೆಗೆ ಅಂಟಿದ್ದ ಇಂಡಿ ನೆಕ್ಕಿ, ಅದರ ಜೊತೆಗೆ ಅರ್ಧ ಮೀಸೆನೂ ತಿಂದ್ಬಿಡ್ತಂತೆ. ಅವತ್ತಿಂದ ತಿಮ್ಮಣ್ಣ ಬಾಗಿಲಲ್ಲಿ ನೆಟ್ಟಗೆ ಹೋಗೋಕೆ ಶುರು ಮಾಡಿದ್ನಂತೆ.

ಆಮೇಲೆ ಎರಡನೇ ಸಲ ಲಕ್ಕಣ್ಣ ಅನ್ನೋನು ಬಂದ್ನಂತೆ. ಇವನು ಸ್ವಲ್ಪ ತಲೆ ಇದ್ದೋನು. ಮಧ್ಯಾಹ್ನ ಗಾಣ ಬಿಚ್ಚಿ ಅವಳು ಹುಣಸೆ ಮರದ ಕೆಳಗೆ ಕೂತಿದ್ದಾಗ ಬಂದು, ದೊರೆ ಆಣೆ ಅಂತ ಒಂದೇ ಉಸಿರಲ್ಲಿ ಗೆರೆ ಕೂಡಿಸಿಬಿಟ್ನಂತೆ. ಚಿಕ್ಕತಾಯಮ್ಮ ಸುತ್ತ ನೋಡಿದ್ಳಂತೆ. ಆಯ್ತಪ್ಪ, ಹಂಗಾದ್ರೆ ಎತ್ತಿಗೆ ನೀರು ತೋರ್ಸು ಅಂದ್ಳಂತೆ. ತೋರಿಸಿದ. ಸಗಣಿ ಬಾಚು ಅಂದ್ಳು. ಬಾಚಿದ. ಮುದ್ದೆಗೆ ಎಸರಿಡು ಅಂದ್ಳು, ಗಂಟು ಬೀಳದಂಗೆ ತಿರುವು ಅಂತಾನೂ ಅಂದ್ಳು. ಹಿಂಗೇ ಮೂರು ದಿನ. ಲಕ್ಕಣ್ಣ ಗಾಣ ಹೊಡೆದ, ಎಣ್ಣೆ ಸೋಸಿದ, ಬೀದಿ ಮೇಲೆ ಹೋಗೋರಿಗೆ ಅಳೆದು ಮಾರಿದ. ಚಿಕ್ಕತಾಯಮ್ಮ ಮದುವೆ ಆದಾಗಿಂದ ಒಂದಿನಾನೂ ಮಧ್ಯಾಹ್ನ ಮಲಗಿದೋಳಲ್ವಂತೆ, ಆ ಮೂರು ದಿನ ಮರದ ಕೆಳಗೆ ಗೊರಕೆ ಹೊಡೆದ್ಳಂತೆ. ನಾಕನೇ ದಿನ ಬೆಳಿಗ್ಗೆ ಎದ್ದು ನೋಡಿದ್ರೆ ಲಕ್ಕಣ್ಣ ಇಲ್ಲ. ಹೋಗೋಕೆ ಮುಂಚೆ ಕೊಟ್ಟಿಗೆ ಗುಡಿಸಿ ಹೋಗಿದ್ನಂತೆ, ಅಭ್ಯಾಸ ಆಗ್ಬಿಟ್ಟಿತ್ತು ಪಾಪ.

ಮೂರನೇ ಸಲ ಸಾವ್ಕಾರ ಮುದ್ದಪ್ಪ ತಾನೇ ಹೊರಟ್ನಂತೆ. ಒಂದು ಕತ್ತೆ ಮೇಲೆ ಎರಡು ಮೂಟೆ ಸುಣ್ಣ. ಗಾಣ, ಬಾವಿ, ಕೊಟ್ಟಿಗೆ, ಹುಲ್ಲಿನ ಬಣವೆ, ಹುಣಸೆ ಮರ, ಮನೆ, ಎಲ್ಲಾನೂ ಸೇರಿಸಿ ಗೆರೆ ಎಳೀತೀನಿ, ಕೆಲಸ ಎಲ್ಲಾ ಅವಳೇ ಮಾಡ್ಕೊಳ್ಳಿ, ಎಷ್ಟು ದಿನ ಇರ್ತಾಳೋ ಇರ್ಲಿ, ಎಣ್ಣೆ ಕೊಳ್ಳೋಕೆ ಒಬ್ರನ್ನೂ ಒಳಗೆ ಬಿಡಲ್ಲ ಅಂದ್ನಂತೆ. ಇದನ್ನ ಕೇಳಿ ಚಿಕ್ಕತಾಯಮ್ಮನಿಗೆ ಮೊದಲನೇ ಸಲ ಹೆದರಿಕೆ ಆಯ್ತಂತೆ. ಎಣ್ಣೆ ಮಾರದಿದ್ರೆ ಎಳ್ಳು ತರೋದೆಲ್ಲಿಂದ? ಹೋಗಿ ಬಿಳಿಯನ ಕುತ್ತಿಗೆ ಹಿಡ್ಕೊಂಡು ನಿಂತ್ಳಂತೆ.

ಅಷ್ಟೊತ್ತಿಗೆ ಊರ ಜನ ಎಲ್ಲಾ ಬೀದೀಲಿ ಸೇರಿದ್ರಂತೆ. ಜನ ಕಂಡ್ರೆ ಮುದ್ದಪ್ಪನಿಗೆ ಬುದ್ಧಿ ಹೇಳದೆ ಇರೋಕಾಗಲ್ವಂತೆ. ಅವರ ಕಡೆ ಮುಖ ಮಾಡ್ಕೊಂಡು, ಸಾಲ ಅಂದ್ರೇನು, ನಿಯತ್ತು ಅಂದ್ರೇನು ಅಂತ ಹೇಳ್ತಾ ಹೇಳ್ತಾ ಸುಣ್ಣ ಉದುರಿಸ್ತಾ ಹೋದ್ನಂತೆ. ಬಾವಿ ದಾಟಿ, ಬಣವೆ ಬಳಸಿ, ಮನೆ ಹಿತ್ತಲಲ್ಲಿ ಹಾಯ್ದು, ಬೆವರು ಸುರಿಸ್ಕೊಂಡು ಶುರು ಮಾಡಿದ ಜಾಗಕ್ಕೆ ಬಂದು ಗೆರೆ ಕೂಡಿಸಿ, ದೊರೆ ಆಣೆ ಅಂದು, ಸೊಂಟ ನೆಟ್ಟಗೆ ಮಾಡಿ ನೋಡ್ತಾನೆ, ಊರೆಲ್ಲಾ ಹೊರಗೆ, ತಾನು ಒಳಗೆ.

ಕತ್ತೆ ಒಂದು ಕಿವಿ ಅಲ್ಲಾಡಿಸ್ತಂತೆ.

ನಾನು ಗೆರೆ ಎಳೆದೋನು, ನನಗೆ ಇದು ಲೆಕ್ಕ ಇಲ್ಲ ಅಂದ್ನಂತೆ ಸಾವ್ಕಾರ. ಊರ ಗೌಡ ಗಡ್ಡ ಕೆರ್ಕೊಂಡು, ಒಳಗಿದ್ದೋರು ದಾಟಬಾರದು ಅಂತ ದೊರೆ ಮಾತು, ಸಾವ್ಕಾರ್ರನ್ನ ಬಿಟ್ಟು ಅಂತ ಎಲ್ಲೂ ಇಲ್ವಲ್ಲಪ್ಪ ಅಂದ್ನಂತೆ. ಸರಿ, ಮುದ್ದಪ್ಪ ಜಗಲಿ ಮೇಲೆ ಕೂತ. ಮೊದಲನೇ ದಿನ ಅವನ ಹೆಂಡ್ತಿ ಹೋಳಿಗೆ ಊಟ ತಂದ್ಳಂತೆ. ಒಳಗಿರೋರಿಗೆ ಅನ್ನ ಹಾಕೋದು ಅವನ ಪಾಲೇ ಅಲ್ವಾ, ಚಿಕ್ಕತಾಯಮ್ಮನಿಗೂ ಹೋಳಿಗೆ, ಎತ್ತಿಗೂ ಒಂದು. ಎರಡನೇ ದಿನ ಅವನ ಬಾಕಿ ಸಾಲಗಾರರೆಲ್ಲಾ ಒಬ್ಬೊಬ್ರೇ ಬಂದು ಗೆರೆ ಆಚೆ ನಿಂತು ಕ್ಷೇಮ ವಿಚಾರಿಸಿದ್ರಂತೆ. ಆರೋಗ್ಯ ನೋಡ್ಕೊಳ್ಳಿ ಸಾವ್ಕಾರ್ರೇ, ಅವಸರ ಮಾಡಬೇಡಿ, ನಾವೆಲ್ಲಾ ಆರಾಮಾಗಿದೀವಿ ಅಂದ್ರಂತೆ. ಮೂರನೇ ದಿನ ಅವನ ಹೆಂಡ್ತಿ ಬರೀ ಗಂಜಿ ತಂದು, ಈ ಮೂರು ದಿನದಲ್ಲಿ ಒಂದು ಕಾಸೂ ವಸೂಲಿಯಾಗಿಲ್ಲ, ನಾಳೆಯಿಂದ ಇದೂ ಇರಲ್ಲ ಅಂತ ಹೇಳಿ ಹೋದ್ಳಂತೆ.

ಆಮೇಲೆ ಮುದ್ದಪ್ಪ ಮೆಲ್ಲಗೆ, ಏನಾದ್ರೂ ಒಂದು ಮಾಡಮ್ಮ ತಾಯಿ ಅಂದ್ನಂತೆ. ಚಿಕ್ಕತಾಯಮ್ಮ ಎಳ್ಳು ಕೇರೋದು ನಿಲ್ಲಿಸಿದ್ಳಂತೆ.

"ನಾನೇನ್ ಮಾಡ್ಲಿ ಸಾವ್ಕಾರ್ರೇ? ಕೊಟ್ಟಿದ್ದನ್ನ ನೀವು ನೋಡಿಲ್ಲ, ತಗೊಂಡಿದ್ದನ್ನ ನಾನು ನೋಡಿಲ್ಲ. ನೋಡಿದೋರು ಇಬ್ರೂ ಸತ್ತು ಮಣ್ಣಾಗವ್ರೆ, ಅವರಿಬ್ರೂ ಜಗಳ ಆಡಿದ್ದನ್ನ ಈ ಊರಲ್ಲಿ ಯಾರೂ ಕೇಳಿಲ್ಲ. ನಾವಿಬ್ರು ಇಲ್ಲಿ ಕೂತು ಗಂಜಿ ಕುಡೀತಿದೀವಿ."

ಮುದ್ದಪ್ಪ ಉಳಿದ ಗಂಜಿ ಕುಡಿದು ಲೋಟ ಕೆಳಗಿಟ್ನಂತೆ. ಆಮೇಲೆ ಎದ್ದು ಹೋಗಿ, ತನ್ನ ಹೊಟ್ಟೆ ಹಿಡಿಸೋಷ್ಟು ಅಗಲ ಗೆರೆ ಒರೆಸಿ, ಒಂದು ಕಾಲು ಎತ್ತಿದ್ನಂತೆ. ಚಿಕ್ಕತಾಯಮ್ಮ ಹಿಂದಿಂದ ಕರೆದ್ಳಂತೆ.

"ಪೂರ್ತಿ ಒರೆಸಿ ಸಾವ್ಕಾರ್ರೇ. ಕಂಡಿ ಬಿಟ್ರೆ ನಾಳೆ ನಿಮ್ಮ ಮಗ ಬಂದು ಮುಚ್ತಾನೆ."

ಎತ್ತಿದ ಕಾಲು ಕೆಳಗಿಟ್ನಂತೆ. ಬಗ್ಗಿ ಒರೆಸ್ತಾ ಹೊರಟ್ನಂತೆ, ಹುಣಸೆ ಮರದಿಂದ ಕೊಟ್ಟಿಗೆ, ಕೊಟ್ಟಿಗೆಯಿಂದ ಹಿತ್ತಲು, ಬಣವೆ ಹತ್ರ ಸ್ವಲ್ಪ ಕೂತು ನೀರು ಕುಡಿದು, ಬಾವಿ ಬಳಸಿ, ದೀಪ ಹಚ್ಚೋ ಹೊತ್ತಿಗೆ ಒಂದು ಚೂರೂ ಬಿಳುಪಿಲ್ಲದಂಗೆ ಒರೆಸಿ, ಮನೆಗೆ ಹೋದ್ನಂತೆ. ಎಳೆದೋನೇ ಒರೆಸಿದ್ದನ್ನ ಊರೆಲ್ಲಾ ನೋಡಿತ್ತು, ಸಾಲ ಅಲ್ಲಿಗೆ ಹೋಯ್ತು.

ಮಾರನೇ ದಿನ ಚಿಕ್ಕತಾಯಮ್ಮ ಬಿಳಿಯನ್ನ ಕೆರೆಗೆ ಹೊಡ್ಕೊಂಡು ಹೋಗಿ ಮೈ ತೊಳೆದು, ಬಂದು ಗಾಣ ಹೂಡಿದ್ಳಂತೆ. ಆ ಎತ್ತು ಇನ್ನೂ ಒಂಬತ್ತು ವರ್ಷ ಗಾಣ ಸುತ್ತಿ, ಆಮೇಲೆ ಸುತ್ತೋಕಾಗದೆ ಇದ್ರೂ ಅವಳ ಕೊಟ್ಟಿಗೇಲೇ ಉಂಡ್ಕೊಂಡು ಮುದಿಯಾಯ್ತಂತೆ.

ಎಣ್ಣೆ ಊರೋರಿಗೆ, ಇಂಡಿ ಬಿಳಿಯನಿಗೆ, ನಿದ್ದೆ ನಿನಗೆ. ಕತೆ ಮುಗೀತು, ಕಾಲು ಕಂಬಳಿ ಒಳಗೆಳ್ಕೋ.