ಆರಿಸಿದರೂ ಮಿಣುಕುವ ಬಲ್ಬು

ಸಾಹುಕಾರ ರುದ್ರಪ್ಪನವರ ಮನೆಯ ಹೊಸ ಎಲ್‌ಇಡಿ ಬಲ್ಬು ಆರಿಸಿದ ಮೇಲೂ ಮಿಣುಕುತ್ತಿತ್ತು. ಸ್ವಿಚ್ಚಿನೊಳಗಿನ ಕೆಂಪು ದೀಪದಿಂದ ಚೂರುಚೂರೇ ಕರೆಂಟು ಸೋರಿ ಬಲ್ಬಿನಲ್ಲಿ ಸೇರುತ್ತಿತ್ತು. ತುಂಬಿದಾಗಲೆಲ್ಲ ಪಕ್ಕನೆ ಹೊಳೆಯುತ್ತಿತ್ತು.

“ನಾಳೆಯೇ ಆ ಕೆಂಪು ದೀಪ ಕೀಳಿಸುತ್ತೇನೆ!” ಸಾಹುಕಾರರು ಗುಡುಗಿದರು.

ಅವರ ತಾಯಿಯ ಮುಖ ಬಾಡಿತು. ಕಣ್ಣು ಮಂಜಾದ ಆಕೆ ಕತ್ತಲಲ್ಲಿ ಸ್ವಿಚ್ಚು ಹುಡುಕುತ್ತಿದ್ದುದು ಆ ಕೆಂಪು ಚುಕ್ಕೆ ನೋಡಿಯೇ.

ಅಡುಗೆಯ ತಿಪ್ಪಕ್ಕನಿಗೆ ತಡೆಯಲಿಲ್ಲ. ಕರೆಂಟು ತಿನ್ನುತ್ತದೆಂದು ಸಾಹುಕಾರರು ಅಟ್ಟಕ್ಕೆ ಹಾಕಿದ್ದ ಹಳೇ ಕಾಲದ ಪುಟ್ಟ ಬಲ್ಬು ತಂದಳು. ಅದೇ ಸ್ವಿಚ್ಚಿಗೆ ಸೇರಿದ್ದ ದೇವರ ಗೂಡಿನ ಹೋಲ್ಡರಿಗೆ ಸಿಕ್ಕಿಸಿದಳು. ಮಿಣುಕಾಟ ನಿಂತಿತು.

“ಏನು ಮಾಟ ಮಾಡಿದೆ ತಿಪ್ಪಕ್ಕ?”

“ಮಾಟ ಎಲ್ಲಿ ಬಂತು ಧಣಿ? ಸೋರಿದ್ದನ್ನ ಹಳೇದು ನುಂಗ್ಕೊಂಡು ಸುಮ್ನಿರ್ತದೆ. ಹೊಸದಕ್ಕೆ ಅಷ್ಟು ತಾಳ್ಮೆ ಎಲ್ಲಿ?”

ಸಾಹುಕಾರರು ತಾಯಿಯ ಮುಖ ನೋಡಿ ಕೆಂಪು ದೀಪ ಕೀಳಿಸುವ ಮಾತು ಕೈಬಿಟ್ಟರು.

ಮುದುಕಿ ತಿಪ್ಪಕ್ಕನ ಕೈ ಹಿಡಿದಳು. “ನಿನ್ನ ಹೊಟ್ಟೆ ತಣ್ಣಗಿರಲಿ ಕಣವ್ವ. ಈ ಮಾತು ನಾನು ಆಡಿದ್ರೆ, ಮಗನೇ ಮಿಣುಕ್ತಿದ್ದ!”