ಮಬ್ಬಾದ ಸೀಸೆ

ಡಾಕ್ಟರ್ ಅಂಬುಜಾಕ್ಷಿಯವರ ಪ್ರಯೋಗಾಲಯದಲ್ಲಿ ಚೆನ್ನವೀರ ಒಂಬತ್ತು ವರ್ಷ ಇಲಿಗಳ ಮೇಲೇ ಕೆಲಸ ಕಲಿತಿದ್ದ. ಒಂದು ಮಗುವಿನ ಜೀವಕೋಶಗಳನ್ನು ಅವರು ಅವನ ಕೈಗೆ ಒಪ್ಪಿಸಿದ್ದು ಇದೇ ಮೊದಲು.

ಮಗುವಿನ ಹೆಸರು ತೌಸೀಫ್. ಹುಟ್ಟಿದಾಗಿನಿಂದ ರೋಗ ತಡೆಯುವ ಶಕ್ತಿಯೇ ಇಲ್ಲದೆ ಆಸ್ಪತ್ರೆಯ ಗಾಜಿನ ಕೋಣೆಯಲ್ಲಿದ್ದ. ಅವನದೇ ಮೂಳೆಮಜ್ಜೆಯ ಕೋಶಗಳಿಗೆ ಸರಿಯಾದ ಜೀನ್ ಸೇರಿಸಿ, ಬೆಳೆಸಿ, ಮತ್ತೆ ಅವನಿಗೇ ಕೊಡಬೇಕಿತ್ತು. ಅದಕ್ಕೆ ನಾಳೆಯ ದಿನ ನಿಗದಿಯಾಗಿತ್ತು.

ಇಂದು ಬೆಳಿಗ್ಗೆ ಚೆನ್ನವೀರ ಕೋಶಗಳು ಬೆಳೆಯುತ್ತಿದ್ದ ಸೀಸೆಯನ್ನು ಬೆಳಕಿಗೆ ಎತ್ತಿ ಹಿಡಿದ. ತಿಳಿಯಾಗಿರಬೇಕಾದ ದ್ರವ ಮಬ್ಬಾಗಿತ್ತು. ಬ್ಯಾಕ್ಟೀರಿಯಾ ಸೇರಿತ್ತು.

ಸುತ್ತ ಯಾರೂ ಇರಲಿಲ್ಲ. ಬ್ಯಾಕ್ಟೀರಿಯಾ ಕೊಲ್ಲುವ ಔಷಧಿ ಎರಡು ಹನಿ ಬಿಟ್ಟರೆ ಸಂಜೆಯೊಳಗೆ ನೋಡಲು ತಿಳಿಯಾದರೂ ಆದೀತು, ಯಾರಿಗೂ ಗೊತ್ತಾಗದು; ಆದರೆ ಒಂದು ಕ್ರಿಮಿ ಉಳಿದರೂ ತೌಸೀಫ್ ಉಳಿಯಲಾರ. ಚೆನ್ನವೀರ ಸೀಸೆ ಹಿಡಿದು ನೇರ ಗುರುಗಳ ಕೋಣೆಗೆ ಹೋದ.

“ಮೇಡಂ, ಕೆಡಿಸಿಬಿಟ್ಟೆ.”

“ಹೇಗಾಯ್ತು?”

ಅವನು ತಲೆ ತಗ್ಗಿಸಿದ. “ದಿನಾ ಇವುಗಳ ಹತ್ರ ಮಾತಾಡ್ತಿದ್ದೆ. ಬೇಗ ಬೆಳೀರಪ್ಪಾ, ತೌಸೀಫ್ ಕಾಯ್ತಿದಾನೆ ಅಂತ. ಮೊನ್ನೆ ಮಾತಾಡೋವಾಗ ಮಾಸ್ಕ್ ಬಾಯಿಂದ ಕೆಳಗೆ ಜಾರಿತ್ತು. ಸೀಸೆ ತೆರೆದಿತ್ತು.”

ಅಂಬುಜಾಕ್ಷಿಯವರಿಗೆ ನಗು ಬಂತು, ಕಣ್ಣೂ ತುಂಬಿತು.

“ಮಾತಾಡ್ಬೇಡ ಅನ್ನಲ್ಲ ಕಣೋ. ಮುಚ್ಚಳ ಹಾಕಿ ಮಾತಾಡು.”

ಕೆಟ್ಟ ಕೋಶಗಳನ್ನು ನಾಶಮಾಡಲು ಅವರೇ ಸೀಸೆಗೆ ಬ್ಲೀಚ್ ಸುರಿದರು.

ಯಾವ ಮಗುವಿನ ಕೋಶ ಬಂದರೂ ಅರ್ಧವನ್ನಷ್ಟೇ ಬೆಳೆಸಿ, ಉಳಿದರ್ಧವನ್ನು ಹೆಪ್ಪುಗಟ್ಟಿಸಿ ಇಡುವುದು ಅವರಲ್ಲಿ ನಡೆದುಬಂದ ಪದ್ಧತಿ. ಈಗ ಉಳಿದದ್ದು ಆ ಅರ್ಧವೇ. ಮತ್ತೊಮ್ಮೆ ಮಜ್ಜೆ ತೆಗೆಯುವಷ್ಟು ತ್ರಾಣ ತೌಸೀಫನಿಗೆ ಇರಲಿಲ್ಲ.

“ನಡಿ, ತಾಯಿಗೆ ಹೇಳೋಣ,” ಎಂದರು ಅಂಬುಜಾಕ್ಷಿ.

ತಾಯಿ ಶಮೀಮ್ ಗಾಜಿನ ಪಕ್ಕದಲ್ಲೇ ನಿಂತಿದ್ದರು. ಚೆನ್ನವೀರ ಏನನ್ನೂ ಮುಚ್ಚಿಡಲಿಲ್ಲ. ತಪ್ಪು ತನ್ನದು, ಇನ್ನೂ ಎರಡು ವಾರ ಕಾಯಬೇಕು ಎಂದ.

“ಎಂಟು ತಿಂಗಳಿಂದ ಕಾಯ್ತಿದೀನಿ ಸರ್,” ಎಂದು ಆಕೆ ಅತ್ತುಬಿಟ್ಟರು. ಆಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು, “ಈ ಸಲ ಹುಷಾರಾಗಿ ಮಾಡಿ,” ಎಂದರು.

ಹಿಂದಿರುಗಿದ ಮೇಲೆ ಚೆನ್ನವೀರ ಪ್ರಯೋಗಾಲಯದ ಬಾಗಿಲಲ್ಲೇ ನಿಂತುಬಿಟ್ಟ.

“ಉಳಿದದ್ದನ್ನ ನೀವೇ ಬೆಳೆಸಿ ಮೇಡಂ. ನಾನಿನ್ನು ಮುಟ್ಟಲ್ಲ.”

ಅಂಬುಜಾಕ್ಷಿ ಕೋಶಗಳಿದ್ದ ಶೀತಪೆಟ್ಟಿಗೆಯ ಕೀಲಿಯನ್ನು ತೆಗೆದು ಅವನ ಅಂಗೈಯಲ್ಲಿಟ್ಟು, ಬೆರಳುಗಳನ್ನು ಮಡಿಚಿದರು.

“ನಿನ್ನ ವಯಸ್ಸಲ್ಲಿ ನಾನೂ ಒಂದು ಸೀಸೆ ಕೆಡಿಸಿದ್ದೆ. ನನ್ನ ಗುರುಗಳಿಗೆ ಹೇಳೋಕೆ ಮೂರು ದಿನ ತಗೊಂಡೆ. ನೀನು ಸೀಸೆ ಕೈಲಿ ಹಿಡ್ಕೊಂಡೇ ಬಂದೆ. ಇನ್ಯಾರಿಗೆ ಕೊಡ್ಲಿ, ಹೇಳು?”